ಐವತ್ತರ ನಂತರ ಮೊದಲನೆಯ ಪಾಠ

ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲುಗಳು. ನಾಲ್ಕು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯಿಂದ ನಸುಕಿನಲ್ಲಿ ಹೊರಟ ಬಸ್ಸು ಕೊಪ್ಪಳ, ಗಂಗಾವತಿ ದಾಟಿ ಆನೆಗೊಂದಿಯ ಕಡೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಮಕ್ಕಳು ಅಲ್ಲಿನ ಮಂಗಗಳೊಡನೆ ಪೈಪೋಟಿಗೆ ಇಳಿದವರಂತೆ ಮೆಟ್ಟಿಲು ಹತ್ತಿದರು. ನಾನು ಮಾತ್ರ ಅರ್ಧ ದಾರಿಯೂ ಆಗಿರಲಿಲ್ಲ, ಒಂದು ಬಂಡೆಗೆ ಒರಗಿ ಕುಳಿತುಬಿಟ್ಟೆ. ಎದೆ ಡವಗುಟ್ಟುತ್ತಿತ್ತು. ಮೊಣಕಾಲು 'ಇನ್ನು ಸಾಕು' ಎನ್ನುತ್ತಿತ್ತು. ಆಗ ನನಗೆ 51 ವರ್ಷ.

ನನ್ನನ್ನು ಬಿಟ್ಟು ಹೋಗಲು ಮನಸ್ಸಾಗದೆ ಒಬ್ಬ ವಿದ್ಯಾರ್ಥಿನಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ವಿದೇಶಿ ಮಹಿಳೆಯೊಬ್ಬರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಸರವಿಲ್ಲ, ಏದುಸಿರಿಲ್ಲ, ಹೊಲದ ಬದುವಿನ ಮೇಲೆ ನಡೆದು ಬರುವವರ ಹಾಗೆ ಬಂದರು. ನನ್ನ ಸ್ಥಿತಿ ಕಂಡು ನಿಂತು ಮಾತಾಡಿಸಿದರು. ಹಾಲೆಂಡಿನವರು, ನನ್ನಂತೆಯೇ ಶಾಲಾ ಶಿಕ್ಷಕಿಯಾಗಿದ್ದವರು, ನಿವೃತ್ತರಾಗಿ ಏಳು ವರ್ಷವಾಗಿತ್ತು. ನಿವೃತ್ತಿಯ ಹೊತ್ತಿಗೆ ಸೊಂಟ ಹಿಡಿದುಕೊಂಡು ಬಗ್ಗುವುದೂ ಕಷ್ಟವಾಗಿತ್ತಂತೆ. ಮೈಸೂರಿಗೆ ಬಂದು ಒಂದು ತಿಂಗಳು ಯೋಗ ಕಲಿತರು. ಆ ಮೇಲೆ ಮತ್ತೆ ಮತ್ತೆ ಬಂದರು. ಈ ಸಲ ಮೈಸೂರಿನ ಪಾಠ ಮುಗಿಸಿ ಹಂಪಿ ನೋಡಲು ಬಂದವರು ಹೊಳೆ ದಾಟಿ ಈ ಕಡೆ ಬಂದಿದ್ದರು. ಇಷ್ಟು ಹೇಳಿ, ನಕ್ಕು, ಮೇಲೆ ಹೊರಟುಹೋದರು.

ನಾನು ಇದನ್ನೆಲ್ಲ ಹುಡುಗಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದಳು: "ಸರ, ಆ ಅಮ್ಮಾರು ಅಷ್ಟ ದೂರದಿಂದ ಬಂದು ನಮ್ಮ ಕಡೆ ಕಲ್ತಾರ. ನೀವು ಇಲ್ಲೇ ಇದ್ದು ಯಾಕ ಕಲೀಲಿಲ್ರಿ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ತರಗತಿಯಲ್ಲಿ 'ಆಕಾಶ ಯಾಕ ನೀಲಿ ಐತ್ರಿ?' ಎಂದು ಕೇಳುವಷ್ಟೇ ಸಹಜವಾಗಿ ಕೇಳಿದ್ದಳು. ಇಪ್ಪತ್ತೈದು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಅವಳಿಗೆ ಅಂದು ಕೊಡಲಾಗದ ಉತ್ತರವೆಂದರೂ ತಪ್ಪಿಲ್ಲ.

ಮೈಸೂರಿನ ಬಾಗಿಲು ತಟ್ಟಿದವರು

ಪ್ರವಾಸ ಮುಗಿಸಿ ಬಂದ ಮೇಲೆ, ಕಡಲಾಚೆಯಿಂದ ಯೋಗ ಕಲಿಯಲು ನಮ್ಮ ನಾಡಿಗೆ ಬಂದವರ ವಿಚಾರವನ್ನು ಹುಡುಕಿ ಓದತೊಡಗಿದೆ. ಓದುತ್ತ ಹೋದಂತೆ ಒಂದು ಸಂಗತಿ ತಿಳಿಯಿತು. ಇಂದು ಜಗತ್ತಿನ ಊರೂರಿನಲ್ಲಿ ನಡೆಯುವ ಯೋಗ ತರಗತಿಗಳ ಬೇರು ಬಹುಮಟ್ಟಿಗೆ ಮೈಸೂರಿನ ಒಂದು ಶಾಲೆಯಲ್ಲಿದೆ. ಆ ಶಾಲೆಯ ಗುರು ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಆರಂಭಿಸಿದರು. 1934ರಲ್ಲಿ 'ಯೋಗ ಮಕರಂದ' ಎಂಬ ಪುಸ್ತಕ ಬರೆದರು. ಅದನ್ನು ಬರೆದದ್ದು ಇಂಗ್ಲಿಷಿನಲ್ಲಲ್ಲ, ಸಂಸ್ಕೃತದಲ್ಲೂ ಅಲ್ಲ; ಕನ್ನಡದಲ್ಲಿ!

ಅವರಲ್ಲಿಗೆ 1937-38ರ ಸುಮಾರಿಗೆ ಒಬ್ಬ ವಿದೇಶಿ ಮಹಿಳೆ ಬಂದರು. ಹೆಸರು ಯೂಜೀನಿ ಪೀಟರ್ಸನ್. ಇಂದಿನ ಲಾಟ್ವಿಯಾದ ರಿಗಾ ನಗರದಲ್ಲಿ 1899ರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಚೆಕೊಸ್ಲೊವಾಕಿಯಾ ದೇಶದ ರಾಜತಂತ್ರ ಕಚೇರಿಯ ಅಧಿಕಾರಿಯ ಪತ್ನಿ. ಹಿಂದಿ ಚಿತ್ರವೊಂದರಲ್ಲಿ ನಟಿಸಿದ್ದವರು. ಹೃದಯದ ತೊಂದರೆ ಅವರನ್ನು ಬಹುಕಾಲ ಕಾಡಿತ್ತು. ವಯಸ್ಸು ನಲವತ್ತರ ಅಂಚು. ಕೃಷ್ಣಮಾಚಾರ್ಯರು ಮೊದಲು ಸೇರಿಸಿಕೊಳ್ಳಲಿಲ್ಲ. ಹೆಂಗಸು, ಅದರಲ್ಲೂ ಪರದೇಶದವಳು ಎಂಬುದು ಕಾರಣ. ಮಹಾರಾಜರು ಮಾತು ಹಾಕಿದ ಮೇಲೆ ಒಪ್ಪಿದರು. ಆದರೆ ಊಟ, ನಿದ್ದೆ, ದಿನಚರಿ ಎಲ್ಲಕ್ಕೂ ಬಿಗಿ ನಿಯಮ ಹಾಕಿದರು. ಐಷಾರಾಮದಲ್ಲಿ ಬದುಕಿದ ಈಕೆ ತಾನೇ ಬಿಟ್ಟುಹೋದಾಳು ಎಂದು ಅವರು ಎಣಿಸಿರಬೇಕು. ಆಕೆ ಬಿಡಲಿಲ್ಲ. ಕೊನೆಗೆ ಗುರುವೇ 'ನೀನು ಇನ್ನೊಬ್ಬರಿಗೆ ಕಲಿಸು' ಎಂದು ಆಜ್ಞಾಪಿಸಿದರು.

ಇಂದ್ರಾದೇವಿ ಎಂಬ ಹೆಸರಿನಿಂದ ಅವರು 1939ರಲ್ಲಿ ಚೀನಾದ ಶಾಂಘೈಯಲ್ಲೂ, ಮುಂದೆ ಅಮೆರಿಕದ ಹಾಲಿವುಡ್‌ನಲ್ಲೂ ಯೋಗ ಶಾಲೆ ತೆರೆದರು. ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಬಾಳಿನ ಕೊನೆಯ ಭಾಗ. 1985ರಲ್ಲಿ, ಅಂದರೆ 86ರ ಪ್ರಾಯದಲ್ಲಿ, ಅವರು ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಹೊಸದಾಗಿ ಪಾಠ ಆರಂಭಿಸಿದರು. 2002ರಲ್ಲಿ ಅಲ್ಲೇ ತೀರಿಕೊಂಡಾಗ ವಯಸ್ಸು ಹೆಚ್ಚುಕಡಿಮೆ 103. ನಮ್ಮಲ್ಲಿ ಅರವತ್ತಕ್ಕೆ ಹಾರ, ಶಾಲು, ಫಲತಾಂಬೂಲ ಕೊಟ್ಟು 'ಇನ್ನು ವಿಶ್ರಾಂತಿ ತಗೊಳ್ರಿ' ಎಂದು ಕಳಿಸುತ್ತೇವಲ್ಲ, ಆ ಲೆಕ್ಕದಲ್ಲಿ ಇದನ್ನು ಯೋಚಿಸಿ ನೋಡಿ.

ಕೃಷ್ಣಮಾಚಾರ್ಯರ ಶಿಷ್ಯರೂ ಕನ್ನಡ ನಾಡಿನವರೇ. ಹಾಸನ ಸಮೀಪದ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನ ಮನೆಯಲ್ಲಿ ಪಾಠ ಹೇಳುತ್ತಿದ್ದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸ್ಬೆತ್ ಎಂಬುವರು ಅವರನ್ನು ಹುಡುಕಿಕೊಂಡು ಬಂದರು. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಬಂದರು. 2002ರಲ್ಲಿ ಶಾಲೆ ಗೋಕುಲಂ ಬಡಾವಣೆಗೆ ಹೋಯಿತು. 2009ರಲ್ಲಿ ಜೋಯಿಸರು ತೀರಿಕೊಂಡರೂ ಬರುವವರು ನಿಂತಿಲ್ಲ. ನಸುಕಿನ ಕತ್ತಲಲ್ಲಿ ಚಾಪೆ ಸುತ್ತಿಕೊಂಡು ನಡೆದುಹೋಗುವ ವಿದೇಶಿಯರು ಗೋಕುಲಂನವರಿಗೆ ಹೊಸಬರಲ್ಲ.

ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಶಾಲಾ ಶಿಕ್ಷಕರೊಬ್ಬರ ಮಗ. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಹಿಂದೆ ಒಂದು ಬಂದು ಕಡ್ಡಿಯಂತಾಗಿದ್ದ ಹುಡುಗ. ಆ ಹುಡುಗ ಮುಂದೆ ಪುಣೆಯಲ್ಲಿ ನೆಲೆಸಿ ಜಗತ್ತಿಗೇ ಗುರುವಾದರು. 2014ರಲ್ಲಿ ತೀರಿಕೊಳ್ಳುವಾಗ 95 ವರ್ಷ. ಬೆಲ್ಜಿಯಂನ ರಾಜಮಾತೆ ಎಲಿಜಬೆತ್ ಅವರಿಗೆ 1958ರಲ್ಲಿ ಶೀರ್ಷಾಸನ ಕಲಿಸಿದವರು ಇವರೇ. ರಾಜಮಾತೆಗೆ ಆಗ ಎಂಬತ್ತು ದಾಟಿತ್ತು!

ಇತ್ತೀಚಿನ ಉದಾಹರಣೆ ಬೇಕೆಂದರೆ ಫ್ರಾನ್ಸಿನ ಶಾರ್ಲೆಟ್ ಶೋಪಾಂ ಇದ್ದಾರೆ. ಐವತ್ತು ತುಂಬಿದ ಮೇಲೆ ಯೋಗ ಕಲಿಯತೊಡಗಿ, ನಂತರ ಶಿಕ್ಷಕಿಯಾದವರು. 2024ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಾಗ ಅವರ ವಯಸ್ಸು 101.

ದೂರ ಹೋದರೆ ಸಿಗುವುದೇನು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪುಸ್ತಕಗಳಿವೆ, ಮೊಬೈಲಿನಲ್ಲಿ ಸಾವಿರಾರು ಪಾಠಗಳಿವೆ. ಹಾಲೆಂಡಿನಲ್ಲೂ ಯೋಗ ಕಲಿಸುವವರಿದ್ದಾರೆ. ಹೀಗಿರುವಾಗ ಅರವತ್ತು ದಾಟಿದವರು ವಿಮಾನ ಹತ್ತಿ, ಸೆಕೆ, ಸೊಳ್ಳೆ, ಒಗ್ಗದ ಊಟ ಎಲ್ಲವನ್ನೂ ಸಹಿಸಿ ಇಲ್ಲಿಯವರೆಗೆ ಬರುವುದೇಕೆ? ಮೈಸೂರಿನ ಗಾಳಿಯಲ್ಲಿ ಏನಾದರೂ ಔಷಧವಿದೆಯೇ?

ಇಲ್ಲ. ನನಗೆ ಉತ್ತರ ಕೊಟ್ಟದ್ದು ಬೆಟ್ಟದ ಮೇಲೆ ಆ ಮಹಿಳೆ ಹೇಳಿದ ಒಂದು ಮಾತು. ಅದನ್ನು ಅಂದು ನಾನು ಅಷ್ಟಾಗಿ ಗಮನಿಸಿರಲಿಲ್ಲ. ತಮ್ಮ ಊರಿನಲ್ಲಿ ಎಲ್ಲರೂ ಅವರನ್ನು 'ಟೀಚರ್' ಎಂದೇ ಬಲ್ಲರು. ಬೀದಿಯಲ್ಲಿ ಸಿಗುವ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಅವರೆದುರು ಬಗ್ಗಲು ಹೋಗಿ ಬೀಳುವುದು ನಾಚಿಕೆಯ ಸಂಗತಿ. ಮೈಸೂರಿನಲ್ಲಿ ಅವರು ಯಾರೆಂದು ಯಾರಿಗೂ ಗೊತ್ತಿಲ್ಲ. ಇಪ್ಪತ್ತೈದರ ತರುಣಿಯ ಪಕ್ಕದಲ್ಲಿ ಅರವತ್ತರ ಅವರು, ಇಬ್ಬರಿಗೂ ಒಂದೇ ಮೊದಲ ಪಾಠ.

ಮೈಸೂರಿನ ಆ ಪಾಠದ ಕ್ರಮವೂ ಹಾಗೆಯೇ ಇದೆ. ಎಲ್ಲರೂ ಒಟ್ಟಿಗೆ, ಒಂದೇ ತಾಳಕ್ಕೆ ಮಾಡುವುದಿಲ್ಲ. ಹೊಸಬರಿಗೆ ಸೂರ್ಯನಮಸ್ಕಾರ ಮತ್ತು ಒಂದೆರಡು ಆಸನ ಮಾತ್ರ ಹೇಳಿಕೊಟ್ಟು ಕಳಿಸುತ್ತಾರೆ. ಅದು ಕೈಗೂಡಿದ ಮೇಲೆ ಮುಂದಿನದು. ಗುರು ಒಬ್ಬೊಬ್ಬರ ಬಳಿ ಹೋಗಿ ತಿದ್ದುತ್ತಾರೆ. ಪಕ್ಕದವನು ಎಷ್ಟನೆಯ ಪಾಠದಲ್ಲಿದ್ದಾನೆ ಎಂಬುದು ನಿಮಗೆ ಸಂಬಂಧವಿಲ್ಲದ ವಿಷಯ.

ಅಂದರೆ, ಅಷ್ಟು ದೂರ ಬಂದವರಿಗೆ ಸಿಗುವುದು ಮೂರು: ಬೇರೆ ಕೆಲಸಕ್ಕೆ ಕೊಡದೆ ಮೀಸಲಿಟ್ಟ ಸಮಯ, ಎದುರಿಗೆ ನಿಂತು ತಿದ್ದುವ ಗುರು, ಮತ್ತು ನಾಚಿಕೆಯಿಲ್ಲದೆ ಮತ್ತೊಮ್ಮೆ ವಿದ್ಯಾರ್ಥಿಯಾಗುವ ಅವಕಾಶ. ಮೊದಲನೆಯ ಎರಡು ನಮ್ಮ ಊರಿನಲ್ಲೂ ಸಿಗುತ್ತವೆ. ನಮ್ಮಂಥವರಿಗೆ ಕಠಿಣವಾದದ್ದು ಮೂರನೆಯದು. 'ಈ ವಯಸ್ಸಿನಲ್ಲಿ ಜನ ಏನೆಂದಾರು?' ಎಂಬ ಬೆಟ್ಟ ಅಂಜನಾದ್ರಿಗಿಂತ ಎತ್ತರದ್ದು. ಆ ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ಅದೇ ಆಗಿತ್ತು: ನನಗೆ ನಾಚಿಕೆಯಾಗುತ್ತಿತ್ತು.

ಗೋಡೆಗೆ ಆತ ಶೀರ್ಷಾಸನ

ನಾಚಿಕೆ ಇದ್ದವನು ಏನು ಮಾಡುತ್ತಾನೆ? ಬಾಗಿಲು ಹಾಕಿಕೊಂಡು ಮಾಡುತ್ತಾನೆ. ನಾನೂ ಹಾಗೆಯೇ ಮಾಡಿದೆ. ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು, ಎಂಬತ್ತು ದಾಟಿದ ರಾಜಮಾತೆಗೆ ಬಂದದ್ದು ನನಗೆ ಬಾರದೇ ಎಂಬ ಹುಮ್ಮಸ್ಸಿನಲ್ಲಿ, ಮೂರನೆಯ ದಿನವೇ ಗೋಡೆಗೆ ಆತು ಶೀರ್ಷಾಸನಕ್ಕೆ ಕೈ ಹಾಕಿದೆ. ರಾಜಮಾತೆಯ ಪಕ್ಕದಲ್ಲಿ ಅಯ್ಯಂಗಾರರು ನಿಂತಿದ್ದರು, ನನ್ನ ಪಕ್ಕದಲ್ಲಿ ಅಕ್ಕಿಯ ಡಬ್ಬಿ ಇತ್ತು ಎಂಬುದು ಮರೆತುಹೋಗಿತ್ತು. ಡಬ್ಬಿಯೊಂದಿಗೆ ನಾನೂ ಉರುಳಿದೆ. ಎರಡು ವಾರ ಕುತ್ತಿಗೆ ಹೊರಳಲಿಲ್ಲ. ವೈದ್ಯರು ನನ್ನ ರಕ್ತದೊತ್ತಡ ನೋಡಿ, "ಬಿ.ಪಿ. ಇದ್ದವರು ತಲೆಕೆಳಗಾಗಿ ನಿಲ್ಲೋದು ಯಾರು ಹೇಳಿದ್ರು ಸರ್ ನಿಮಗೆ?" ಎಂದು ಗದರಿಸಿದರು. ವಿಜ್ಞಾನ ಶಿಕ್ಷಕನಾಗಿ ನಾನು ಮಕ್ಕಳಿಗೆ ದಿನವೂ ಹೇಳುವ ಮಾತೆಂದರೆ, ಪ್ರಯೋಗಕ್ಕೆ ಮೊದಲು ಎಚ್ಚರಿಕೆಗಳನ್ನು ಓದಿಕೊಳ್ಳಿ ಎಂಬುದು!

ಆಮೇಲೆ ನಮ್ಮ ಭಾಗದ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಬಳಿ ಹೋದೆ. ಅವರು ತಾರುಣ್ಯದಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಶಿಬಿರದಲ್ಲಿ ಕಲಿತವರು. 'ತಿರುಕ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ನೂರು ದಾಟಿ ಬಾಳಿ 1996ರಲ್ಲಿ ತೀರಿಕೊಂಡ ಆ ಸ್ವಾಮೀಜಿಯವರು ಊರೂರು ಸುತ್ತಿ ಶಿಬಿರ ನಡೆಸಿ ಜನಸಾಮಾನ್ಯರಿಗೆ ಯೋಗ ಕಲಿಸಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅಂದರೆ ಯೋಗ ಅರಮನೆಯಿಂದ ಹಾಲಿವುಡ್‌ಗೆ ಹೋದದ್ದಷ್ಟೇ ಅಲ್ಲ, ನಮ್ಮ ಹಳ್ಳಿಯ ಶಾಲೆಯ ಪಡಸಾಲೆಗೂ ಬಂದಿತ್ತು. ನಾವು ನೋಡಿರಲಿಲ್ಲ, ಅಷ್ಟೆ.

ಆ ಗುರುಗಳು ಮೊದಲ ದಿನ ನನಗೆ ಹೇಳಿಕೊಟ್ಟದ್ದು ಒಂದೇ: ನೆಟ್ಟಗೆ ನಿಲ್ಲುವುದು. "ಸರ, ಮೂವತ್ತು ವರ್ಷ ಬೋರ್ಡಿನ ಮುಂದ ನಿಂತೀರಿ, ಆದ್ರ ಒಂದೇ ಕಾಲಿನ ಮ್ಯಾಲ ಭಾರ ಹಾಕಿ ನಿಂತೀರಿ," ಎಂದರು. ಬೆಳಿಗ್ಗೆ ಐದೂವರೆಗೆ, ಶಾಲೆಯ ಪಡಸಾಲೆಯಲ್ಲಿ, ಮನೆಯಿಂದ ತಂದ ಜಮಖಾನ ಹಾಸಿಕೊಂಡು ಪಾಠ. ಒಂದು ವಾರದಲ್ಲೇ ಸುದ್ದಿ ಊರೆಲ್ಲ ಹಬ್ಬಿತು. ಹೊಟೇಲಿನಲ್ಲಿ ಚಹಾ ಕುಡಿಯುವಾಗ, "ಏನ್ರೀ ಸರ, ಸನ್ಯಾಸ ತಗೊಳ್ಳೋ ವಿಚಾರ ಐತೇನು?" ಎಂದು ಕೇಳಿದವರಿದ್ದಾರೆ. ಮನೆಯಲ್ಲಿ ನನ್ನಾಕೆ, "ಈ ವಯಸ್ಸಿನಾಗ ಕೈಕಾಲು ಮುರ್ಕೊಂಡ್ರ ಯಾರು ನೋಡೋರ್ರಿ?" ಎಂದಳು. ಶಾಲೆಯ ಕಾಂಪೌಂಡಿನ ಮೇಲೆ ಕುಳಿತು ಇಬ್ಬರು ವಿದ್ಯಾರ್ಥಿಗಳು ಕಿಸಿಕಿಸಿ ನಕ್ಕರು. ನಾಲ್ಕು ದಿನ ನಕ್ಕ ಅವರೇ ಐದನೆಯ ದಿನ ಬಂದು ಹಿಂದೆ ನಿಂತುಕೊಂಡರು.

ವಿಜ್ಞಾನ ಏನು ಹೇಳುತ್ತದೆ?

ಯೋಗದ ಬಗ್ಗೆ ಮಾತಾಡುವವರಲ್ಲಿ ಎರಡು ಬಗೆ. ಸಕಲ ರೋಗಕ್ಕೂ ಇದೇ ಮದ್ದು ಎನ್ನುವವರು ಒಂದು ಕಡೆ, ಇದೆಲ್ಲ ಬರಿ ಬೊಗಳೆ ಎನ್ನುವವರು ಇನ್ನೊಂದು ಕಡೆ. ವಿಜ್ಞಾನದ ವಿದ್ಯಾರ್ಥಿ ಇಬ್ಬರನ್ನೂ ನಂಬದೆ ಅಳೆದು ನೋಡಬೇಕು.

ಹತ್ತನೆಯ ತರಗತಿಯ ಮಕ್ಕಳು 'ಜೀವಕ್ರಿಯೆಗಳು' ಪಾಠದಲ್ಲಿ ಉಸಿರಾಟವನ್ನು ಓದುತ್ತಾರೆ. ಒಂದು ಸರಳ ಲೆಕ್ಕ ಮಾಡೋಣ. ಸುಮ್ಮನೆ ಕುಳಿತಾಗ ಒಬ್ಬ ವಯಸ್ಕ ನಿಮಿಷಕ್ಕೆ 15 ಸಲ, ಪ್ರತಿ ಸಲ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ ಎನ್ನೋಣ. ಒಟ್ಟು 7500 ಮಿ.ಲೀ. ಆದರೆ ಪ್ರತಿ ಉಸಿರಿನಲ್ಲೂ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದುಬಿಡುತ್ತದೆ; ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಚೀಲಗಳನ್ನು ಮುಟ್ಟುವುದಿಲ್ಲ. ಹಾಗಾಗಿ ಕೆಲಸಕ್ಕೆ ಬರುವುದು 350 ಗುಣಿಸು 15, ಅಂದರೆ 5250 ಮಿ.ಲೀ. ಅದೇ 7500 ಮಿ.ಲೀ. ಗಾಳಿಯನ್ನು ನಿಧಾನವಾಗಿ, ನಿಮಿಷಕ್ಕೆ 6 ಸಲ, 1250 ಮಿ.ಲೀ.ನಂತೆ ಎಳೆದುಕೊಂಡರೆ? 1100 ಗುಣಿಸು 6, ಅಂದರೆ 6600 ಮಿ.ಲೀ. ಗಾಳಿ ಅಷ್ಟೇ; ಪೋಲಾಗುವುದು ಕಡಿಮೆ. ನಾನು ಮೆಟ್ಟಿಲಿನ ಮೇಲೆ ನಾಯಿಯಂತೆ ಏದುತ್ತಿದ್ದಾಗ ಒಂದಷ್ಟು ಗಾಳಿಯನ್ನು ಗಂಟಲಿನಲ್ಲೇ ಆಡಿಸುತ್ತಿದ್ದೆ.

ಹಾಗೆಂದು ಆಳವಾಗಿ ಉಸಿರೆಳೆದರೆ ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆರೋಗ್ಯವಂತರ ರಕ್ತದ ಆಮ್ಲಜನಕ ಮಟ್ಟ ಸುಮ್ಮನೆ ಕುಳಿತಾಗಲೂ ನೂರಕ್ಕೆ 95ರ ಮೇಲೆಯೇ ಇರುತ್ತದೆ. ಅದಕ್ಕಿಂತ ಹೆಚ್ಚು ತುಂಬಲು ಜಾಗವೇ ಇಲ್ಲ. ನಿಧಾನ ಉಸಿರಾಟದ ಮುಖ್ಯ ಲಾಭ ನರಮಂಡಲದಲ್ಲಿದೆ. ಇದನ್ನು ಮಕ್ಕಳು ಖರ್ಚಿಲ್ಲದೆ ಪರೀಕ್ಷಿಸಬಹುದು. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಐದು ಎಣಿಸುವವರೆಗೆ ಉಸಿರೆಳೆಯಿರಿ, ಐದು ಎಣಿಸುವವರೆಗೆ ಬಿಡಿ. ಎಳೆಯುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಹತ್ತನೆಯದಾದ ವೇಗಸ್ ನರ ಹೃದಯಕ್ಕೆ ಹಾಕುವ ಕಡಿವಾಣ ಅದು. ಪರೀಕ್ಷೆಯ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುವ ವಿದ್ಯಾರ್ಥಿಗೆ ಇದು ಉಪಯೋಗಕ್ಕೆ ಬರುವ ವಿದ್ಯೆ.

ಮೊಣಕಾಲಿನ ವಿಚಾರವೂ ಹಾಗೆಯೇ. ಕೀಲಿನ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಕೀಲು ಮಡಚಿ ಬಿಚ್ಚಿದಾಗ ಸುತ್ತಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಅಲುಗಾಡಿಸದೆ ಇಟ್ಟರೆ ಕೀಲಿಗೆ ಉಪವಾಸ. ನಾವು ನೋವೆಂದು ಕಾಲು ಚಾಚಿ ಕುರ್ಚಿಯಲ್ಲೇ ಕೂರುತ್ತೇವೆ, ಆಮೇಲೆ ಕೂತು ಕೂತು ನೋವು ಹೆಚ್ಚಾಯಿತೆಂದು ಗೊಣಗುತ್ತೇವೆ.

ಯೋಗವನ್ನು ಪ್ರಯೋಗಶಾಲೆಗೆ ತಂದವರಲ್ಲೂ ನಮ್ಮ ನಾಡಿನವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅಮೆರಿಕದ ನಾಸಾದಲ್ಲಿ ಸಂಶೋಧನೆ ಮಾಡಿದ ಎಚ್.ಆರ್. ನಾಗೇಂದ್ರ ಅವರು ತಾಯ್ನಾಡಿಗೆ ಮರಳಿ ಜಿಗಣಿ ಬಳಿ ಕಟ್ಟಿದ ಸಂಸ್ಥೆಗೆ 2002ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಹೊರದೇಶಗಳಲ್ಲೂ ಪರೀಕ್ಷೆಗಳು ನಡೆದಿವೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ನಡೆದ 12 ಪ್ರಯೋಗಗಳನ್ನು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಒಟ್ಟಿಗೆ ತೂಗಿ ನೋಡಿತು. ಯಾವ ವ್ಯಾಯಾಮವೂ ಮಾಡದವರಿಗಿಂತ ಯೋಗ ಮಾಡಿದವರ ಓಡಾಟ, ಕೆಲಸಕಾರ್ಯ ಸ್ವಲ್ಪ ಸುಧಾರಿಸಿತ್ತು. ಬೇರೆ ವ್ಯಾಯಾಮಗಳಿಗಿಂತ ಯೋಗವೇ ಮೇಲು ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. 'ಸ್ವಲ್ಪ' ಎಂಬ ಮಾತನ್ನು ಗಮನಿಸಿ. ಸೊಂಟ ಹಿಡಿದವನಿಗೆ ಆ ಸ್ವಲ್ಪವೂ ದೊಡ್ಡದೇ.

ಕೊನೆಯ ಬೆಂಚಿನ ಹುಡುಗ

ನನಗೆ ಆದ ಲಾಭವನ್ನೂ ಅಷ್ಟೇ ಅಳೆದು ಹೇಳುತ್ತೇನೆ. ರಕ್ತದೊತ್ತಡದ ಮಾತ್ರೆ ಇಂದಿಗೂ ನಡೆದಿದೆ. ಅದನ್ನು ಬಿಡುವುದು, ಕಡಿಮೆ ಮಾಡುವುದು ವೈದ್ಯರ ಕೆಲಸ. ಮಂಡಿ ನೋವು ಪೂರ್ತಿ ಹೋಗಿಲ್ಲ. ಆದರೆ ಒಂದೂವರೆ ವರ್ಷ ಕಳೆದ ಮೇಲೆ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ, ದಾಸೋಹದಲ್ಲಿ ನೆಲಕ್ಕೆ ಚಕ್ಕಂಬಕ್ಕಳ ಹಾಕಿ ಕುಳಿತು ಜೋಳದ ರೊಟ್ಟಿ ಉಂಡು, ಕೈ ಊರದೆ ಎದ್ದೆ. ಅದಕ್ಕೂ ಮೊದಲು ಎಷ್ಟೋ ವರ್ಷ ಮದುವೆ ಮುಂಜಿಗಳಲ್ಲಿ ನನಗೆಂದೇ ಕುರ್ಚಿ ಹುಡುಕಿಸುತ್ತಿದ್ದೆ. ನನ್ನಾಕೆ ಏನೂ ಹೇಳಲಿಲ್ಲ, ನೋಡಿದಳು. ಮರುವಾರದಿಂದ ಪಡಸಾಲೆಯಲ್ಲಿ ಎರಡು ಜಮಖಾನ ಬಿದ್ದವು.

ಆದರೂ ನಾನು ಹೊಸಬನಾದೆ ಎಂದು ಹೇಳುವುದು ಈ ಕಾರಣಕ್ಕಲ್ಲ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ರಾಸಾಯನಿಕ ಸಮೀಕರಣ ಸರಿದೂಗಿಸುವುದು ಅವನಿಗೆ ಏನು ಮಾಡಿದರೂ ಬರುತ್ತಿರಲಿಲ್ಲ. ಎಡಗಡೆ ಎರಡು ಆಮ್ಲಜನಕ, ಬಲಗಡೆ ಒಂದು. ಅಷ್ಟನ್ನು ಎಣಿಸಲು ಬಾರದೇ ಎಂದು ನನಗೆ ಸಿಟ್ಟು. ಒಂದು ದಿನ ಎಲ್ಲರೆದುರು, "ನಿನಗ ಇದು ಈ ಜನ್ಮದಾಗ ಬರಂಗಿಲ್ಲ ಬಿಡು," ಎಂದುಬಿಟ್ಟಿದ್ದೆ. ಅಂದಿನಿಂದ ಅವನು ನನ್ನ ಅವಧಿಯಲ್ಲಿ ತಲೆ ಎತ್ತಿ ನೋಡುವುದನ್ನೇ ಬಿಟ್ಟಿದ್ದ.

ಅದೇ ತಿಂಗಳುಗಳಲ್ಲಿ ಬೆಳಗಿನ ಪಡಸಾಲೆಯಲ್ಲಿ ನನ್ನ ಕೈ ಕಾಲ್ಬೆರಳಿಗೆ ಮುಟ್ಟುತ್ತಿರಲಿಲ್ಲ. ನನ್ನ ಹಿಂದೆ ನಿಂತ ಹದಿನಾಲ್ಕರ ಹುಡುಗರು ಸಲೀಸಾಗಿ ಬಗ್ಗುತ್ತಿದ್ದರು. ನನಗೆ ಏನು ಮಾಡಬೇಕೆಂದು ಗೊತ್ತಿತ್ತು, ಮನಸ್ಸಿತ್ತು, ಪ್ರಯತ್ನವೂ ಇತ್ತು. ಆದರೂ ಮೈ ಕೇಳುತ್ತಿರಲಿಲ್ಲ. ನನ್ನ ಗುರುಗಳು ಒಂದು ದಿನವೂ 'ನಿಮಗಿದು ಬರಂಗಿಲ್ಲ' ಎನ್ನಲಿಲ್ಲ. "ಮೊಣಕಾಲು ಸ್ವಲ್ಪ ಮಡಚ್ರಿ ಸರ, ಇವತ್ತಿಗೆ ಇಷ್ಟು ಸಾಕು," ಎನ್ನುತ್ತಿದ್ದರು. ಒಂದು ಮುಂಜಾನೆ ಹಾಗೆ ಬಗ್ಗಿ ನಿಂತಿದ್ದಾಗ ನನಗೆ ಆ ಹುಡುಗನ ಮುಖ ನೆನಪಾಯಿತು. ಅವನ ಕಷ್ಟ ಏನೆಂದು ಇಪ್ಪತ್ತೈದು ವರ್ಷದ ಸೇವೆಯಲ್ಲಿ ಮೊದಲ ಸಲ ಗೊತ್ತಾಯಿತು.

ಅವನನ್ನು ಕರೆದು, ಅಂದಿನ ಮಾತು ತಪ್ಪಾಯಿತೆಂದು ಹೇಳಿದೆ. ಶಿಕ್ಷಕನಾದವನಿಗೆ ಅದು ಶೀರ್ಷಾಸನಕ್ಕಿಂತ ಕಷ್ಟ. ಬಳಿಕ ಪಾಠದ ಕ್ರಮ ಬದಲಿಸಿದೆ. ತರಗತಿ ಎಲ್ಲಿಗೇ ಮುಟ್ಟಿರಲಿ, ಅವನಿಗೆ ದಿನಕ್ಕೆ ಒಂದು ಸಮೀಕರಣ, ಅದೂ ಮೊದಲು ಕಡಲೆಕಾಳು ಮತ್ತು ಹೆಸರುಕಾಳು ಇಟ್ಟು ಎಣಿಸುವುದು. ಅದು ಸರಿಹೋದ ಮೇಲೆ ಮುಂದಿನದು. ಮೂರನೆಯ ವಾರ ಅವನು ತಾನೇ ಬೋರ್ಡಿಗೆ ಬಂದು ಮೀಥೇನ್ ಉರಿಯುವ ಸಮೀಕರಣವನ್ನು ಬರೆದು ಸರಿದೂಗಿಸಿದ. ನಂತರ ಎಸ್ಸೆಸ್ಸೆಲ್ಸಿಯಲ್ಲಿ ಅವನು ಪ್ರಥಮ ದರ್ಜೆ ಪಡೆಯಲಿಲ್ಲ, ತೇರ್ಗಡೆಯಾದ. ಈಗ ಐ.ಟಿ.ಐ.ಯಲ್ಲಿ ಓದುತ್ತಿದ್ದಾನೆ. ದಾರಿಯಲ್ಲಿ ಸಿಕ್ಕರೆ ತಲೆ ಎತ್ತಿ ಮಾತಾಡುತ್ತಾನೆ.

ಮಕ್ಕಳಿಗೆ, ಪಾಲಕರಿಗೆ

ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು ಕೈಗೊಂಡ ನಿರ್ಣಯದಂತೆ 2015ರಿಂದ ಪ್ರತಿ ಜೂನ್ 21ರಂದು ಯೋಗ ದಿನ ನಡೆಯುತ್ತದೆ. ಶಾಲೆಗಳಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಜೂನ್ 22ಕ್ಕೆ ಚಾಪೆ ಅಟ್ಟ ಸೇರುತ್ತದೆ. ಹಂಪಿಯ ದೇವಾಲಯಗಳ ಕಂಬಗಳ ಮೇಲೆ ಕ್ಲಿಷ್ಟ ಆಸನಗಳಲ್ಲಿ ನಿಂತ ಯೋಗಿಗಳ ಹದಿನಾರನೆಯ ಶತಮಾನದ ಶಿಲ್ಪಗಳಿವೆ. ಪ್ರವಾಸಕ್ಕೆ ಹೋದಾಗ ಮಕ್ಕಳು ಅವನ್ನು ಹುಡುಕಿ ನೋಡಬೇಕು. ಆದರೆ 'ಇದು ನಮ್ಮದು' ಎಂದು ಹೆಮ್ಮೆ ಪಟ್ಟರೆ ಸಾಲದು. ಪುಸ್ತಕ ಮನೆಯಲ್ಲಿದ್ದರೆ ವಿದ್ಯೆ ಬಂದಂತೆ ಆಗುವುದಿಲ್ಲ, ಓದಬೇಕು.

ವಿದೇಶಕ್ಕೆ ಹೋಗಿ ಶಿಬಿರ ಸೇರುವ ಶಕ್ತಿ ನಮ್ಮಲ್ಲಿ ಬಹಳ ಜನರಿಗಿಲ್ಲ. ಅದರ ಅಗತ್ಯವೂ ಇಲ್ಲ. ಕುಷ್ಟಗಿಯಲ್ಲಾಗಲಿ ಗಂಗಾವತಿಯಲ್ಲಾಗಲಿ ಯೋಗ ಬಲ್ಲ ಹಿರಿಯರೊಬ್ಬರು ಸಿಗದೆ ಇರುವುದಿಲ್ಲ. ವಯಸ್ಸಾದವರು ಮೊದಲು ವೈದ್ಯರಲ್ಲಿ ಕೇಳಿ, ಬಲ್ಲವರ ಎದುರಿಗೇ ಕಲಿಯಬೇಕು. ರಕ್ತದೊತ್ತಡ, ಕಣ್ಣಿನೊಳಗಿನ ಒತ್ತಡ ಇದ್ದವರು ತಲೆಕೆಳಗಾಗುವ ಆಸನಗಳ ಗೊಡವೆಗೆ ಹೋಗಬಾರದು. ಔಷಧವನ್ನು ತಾವಾಗಿ ನಿಲ್ಲಿಸಬಾರದು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು.

ಪಾಲಕರಲ್ಲಿ ಇನ್ನೊಂದು ಮಾತು. 'ಓದು, ಓದು' ಎಂದು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ನಾವು ಕಲಿಯುವುದನ್ನು ಅವರು ನೋಡಿದ್ದಾರೆಯೇ? ತಂದೆಯೋ ತಾಯಿಯೋ ಬಾರದ ವಿದ್ಯೆಯೊಂದನ್ನು, ಎಡವುತ್ತ, ನಗಿಸಿಕೊಳ್ಳುತ್ತ, ಮೊದಲಿನಿಂದ ಕಲಿಯುವುದನ್ನು ಮಗು ಒಮ್ಮೆ ಕಣ್ಣಾರೆ ಕಂಡರೆ, ತಪ್ಪು ಮಾಡಲು ಅದಕ್ಕಿರುವ ಹೆದರಿಕೆ ಅರ್ಧ ಇಳಿಯುತ್ತದೆ. ಯೋಗವೇ ಆಗಬೇಕೆಂದಿಲ್ಲ, ಈಜಾಗಲಿ, ಹಾರ್ಮೋನಿಯಂ ಆಗಲಿ, ಕಂಪ್ಯೂಟರ್ ಆಗಲಿ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಮಕ್ಕಳೊಡನೆ ಅಂಜನಾದ್ರಿಗೆ ಹೋಗಿದ್ದೆ. ದಾರಿಯಲ್ಲಿ ಎರಡು ಕಡೆ ನಿಂತೆ. ಸುಳ್ಳು ಹೇಳುವುದಿಲ್ಲ, ಒಂದು ಸಲ ತುಂಗಭದ್ರೆಯನ್ನೂ ಗದ್ದೆಗಳನ್ನೂ ನೋಡಲು, ಇನ್ನೊಂದು ಸಲ ಉಸಿರಿಗೆ. 575ನೆಯ ಮೆಟ್ಟಿಲು ಮುಟ್ಟಿದಾಗ ಅಂದು ನೀರಿನ ಬಾಟಲಿ ಹಿಡಿದು ನಿಂತಿದ್ದ ವಿದ್ಯಾರ್ಥಿನಿ ನೆನಪಾದಳು. ಅವಳು ಈಗ ಕೊಪ್ಪಳದಲ್ಲಿ ಕಾಲೇಜು ಓದುತ್ತಿದ್ದಾಳೆ. ಊರಿಗೆ ಬಂದ ಮೇಲೆ ಫೋನ್ ಮಾಡಿ, "ಮ್ಯಾಲ ಹತ್ತಿದೆನವ್ವಾ," ಎಂದೆ. ಅವಳು ನಕ್ಕು, "ಎಷ್ಟು ಸಲ ಕುಂತ್ರಿ ಸರ?" ಎಂದು ಕೇಳಿದಳು.

"ಕುಂತಿಲ್ಲ, ಎರಡು ಸಲ ನಿಂತೆ," ಎಂದೆ.

"ಹಂಗಾದ್ರ ಮುಂದಿನ ವರ್ಷ ಒಂದು ಸಲ ಸಾಕು ಬಿಡ್ರಿ," ಎಂದಳು. ಮುಂದಿನ ಪಾಠ ಅದೇ.